ಎತ್ತಿಸುವವರಿಲ್ಲದ ಹೊರೆ

ಮೇ 9, ಗುರುವಾರ. ಹೂಗ್ಯಂ.

ಕುತ್ತಿಗೆ ನೋಯುತ್ತಿದೆ, ಆದರೂ ನಗು ನಿಲ್ಲುತ್ತಿಲ್ಲ.

ನಿನ್ನೆಯ ಬಿರುಗಾಳಿಗೆ ಬದುವಿನ ಹೊಂಗೆಮರ ಉರುಳಿತು. ಆ ಮರ ಯಾರದೆಂದು ಜಗಳವಾಡಿಯೇ ನನಗೂ ವಾರಗಿತ್ತಿ ನಾಗಮಣಿ ಅಕ್ಕನಿಗೂ ಎರಡು ವರ್ಷ ಮಾತಿರಲಿಲ್ಲ. ಬೆಳಿಗ್ಗೆ ಮಚ್ಚು ಹಿಡಿದು ಹೋದರೆ ಅವಳಾಗಲೇ ಅಲ್ಲಿದ್ದಳು. ನಾನು ಈ ಕಡೆಯ ಕೊಂಬೆ ಕಡಿದೆ, ಅವಳು ಆ ಕಡೆಯದು.

ಹಠಕ್ಕೆ ಬಿದ್ದು ದೊಡ್ಡ ಹೊರೆ ಕಟ್ಟಿದ್ದೆ. ಒಬ್ಬಳೇ ತಲೆಗೇರಿಸಲು ಮೂರು ಸಲ ನೋಡಿದೆ, ಆಗಲಿಲ್ಲ. ಕೊನೆಗೆ ಬಾಯಿಬಿಟ್ಟೆ.

"ಅಕ್ಕಾ, ವಸಿ ಕೈ ಕೊಡು."

"ಕೈ ಕೊಡೋದು ನಿನ್ ಕಸುಬು ಕಣಮ್ಮಿ. ನಾನು ಎತ್ತುಸ್ತೀನಿ, ಬಾ."

ಎತ್ತಿಸಿದಳು. ಹತ್ತು ಹೆಜ್ಜೆ ಹಾಕಿದ ಮೇಲೆ ಹೊಳೆಯಿತು, ಅವಳದನ್ನು ಎತ್ತಿಸುವವರು ಯಾರು? ವಾಪಸು ಬಂದು ನನ್ನದನ್ನು ಕೆಡವಿ ಅವಳದನ್ನು ಎತ್ತಿಸಿದೆ. ಈಗ ನನ್ನದು ನೆಲದಲ್ಲಿ! ಅದನ್ನು ನೋಡಿ ಅಕ್ಕ ನಕ್ಕ ರಭಸಕ್ಕೆ ಅವಳ ಹೊರೆಯೂ ಬಿತ್ತು. ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆಮೇಲೆ ಎರಡನ್ನೂ ಸೇರಿಸಿ ಉದ್ದಕ್ಕೆ ಒಂದೇ ಕಟ್ಟು ಕಟ್ಟಿದೆವು. ಆ ತುದಿ ಅವಳು, ಈ ತುದಿ ನಾನು ಹಿಡಿದೆತ್ತಿ ಇಬ್ಬರ ತಲೆಯ ಮೇಲೂ ಹೊತ್ತು ತಂದೆವು. ಅವಳ ಮನೆ ಹತ್ತಿರ, ಅಲ್ಲೇ ಇಳಿಸಿದೆವು. ಕಾಫಿ ಕೊಟ್ಟಳು. ಹಂಚಿಕೊಳ್ಳುವುದು ಮರೆತೇ ಹೋಯಿತು.

ಬರಿಗೈಲಿ ಬಂದವಳನ್ನು ಕಂಡು ನಮ್ಮ ಯಜಮಾನರು, "ಸೌದೆ ಎಲ್ಲಮ್ಮಿ?" ಅಂದರು.

"ಅಕ್ಕನ ಮನೇಲದೆ" ಅಂದೆ.

ಅಕ್ಕನ ಮನೆ. ಈ ಮಾತು ನನ್ನ ಬಾಯಲ್ಲಿ ಬಂದು ಎಷ್ಟು ದಿನವಾಗಿತ್ತು!