ಅದು ನನ್ನ ಕೆಲಸವಲ್ಲ

ಕುರುಬರಹಳ್ಳಿ
14 ಜುಲೈ 2024, ಭಾನುವಾರ

ಪ್ರೀತಿಯ ವಿಮಲಕ್ಕ,

ಮಂಡಿ ನೋವು ಹೇಗಿದೆ? ಆಪರೇಷನ್ ಆದಮೇಲೆ ಕೆಂಗೇರಿಗೆ ಬಂದು ನೋಡುತ್ತೇನೆ ಎಂದವನು ಎರಡು ತಿಂಗಳಾದರೂ ಬರಲಿಲ್ಲ. ಕ್ಷಮಿಸಿ. ಫೋನು ಮಾಡಬಹುದಿತ್ತು. ಆದರೆ ನೀವು ನಡುವೆ ಬಾಯಿ ಹಾಕುತ್ತೀರಿ. ಇದನ್ನು ಒಂದೇ ಉಸಿರಿಗೆ ಹೇಳಬೇಕಾಗಿದೆ.

ನೀವು ನಿವೃತ್ತರಾದಮೇಲೂ ವಿಶ್ವವಿದ್ಯಾಲಯದ ನಮ್ಮ ಪರೀಕ್ಷಾ ವಿಭಾಗದಲ್ಲಿ ನಿಮ್ಮ ಮಾತು ಓಡಾಡುತ್ತಿದೆ. "ಕಿಟಕಿ ಆಚೆ ನಿಂತೋರಿಗೆ 'ಅದು ನನ್ನ ಕೆಲಸ ಅಲ್ಲ' ಅನ್ನಬೇಡ ಕಣೋ ಯೋಗಾನಂದ." ಪಾಲಿಸುತ್ತ ಬಂದೆ. ಚಲನ್ ತುಂಬಿಕೊಟ್ಟೆ, ಬೇರೆಯವರ ಫೈಲು ಹುಡುಕಿದೆ, ಊಟದ ಹೊತ್ತಿನಲ್ಲಿ ಖಾಲಿ ಕುರ್ಚಿಗಳಲ್ಲಿ ಕೂತೆ. "ಯೋಗಾನಂದ ಸಾರ್ ಇದ್ರೆ ಸಾಕು ಗುರು" ಎಂದು ವಿದ್ಯಾರ್ಥಿಗಳು ಹೇಳುವುದು ಕಿವಿಗೆ ಬೀಳುತ್ತದೆ. ಹಿತವಾಗಿಯೇ ಬೀಳುತ್ತದೆ.

ಈಗ ಒಂದು ಇಕ್ಕಟ್ಟು. ಯಾದಗಿರಿ ಕಡೆಯ ಪಾರವ್ವ ದೇವೇಂದ್ರಪ್ಪ ಎಂಬ ಹುಡುಗಿಯ ಪದವಿ ಪ್ರಮಾಣಪತ್ರದಲ್ಲಿ 'ಡಿ. ಪಾರವ್ವ' ಎಂದು ಅಚ್ಚಾಗಿದೆ. ಹತ್ತನೇ ತರಗತಿಯ ಅಂಕಪಟ್ಟಿಗೆ ಹೊಂದಲಿಲ್ಲವೆಂದು ಶಿಕ್ಷಕಿ ಹುದ್ದೆಯ ದಾಖಲೆ ಪರಿಶೀಲನೆಯಲ್ಲಿ ಅವಳನ್ನು ವಾಪಸು ಕಳಿಸಿದರು. ಹೆಸರು ತಿದ್ದಿರುವುದು ಅಮರೇಶನ ಲಾಗಿನ್‌ನಿಂದ. ಅವನು ಗುತ್ತಿಗೆಯ ಕಂಪ್ಯೂಟರ್ ಆಪರೇಟರ್, ರಾಯಚೂರಿನವನು. ನಾಗರಬಾವಿಯ ಒಂದೇ ಕೋಣೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ನಾಳೆ ವಿಚಾರಣೆ. ತಪ್ಪು ಅವನದೆಂದಾದರೆ ನೌಕರಿ ಅಲ್ಲಿಗೆ ಮುಗಿಯಿತು.

ಶುಕ್ರವಾರ ಉಪಕುಲಸಚಿವ ಮಹದೇವ್ ಎಲ್ಲರೆದುರು ಕೇಳಿದರು. "ಏನ್ರೀ ಅಮರೇಶ್, ನಿಮ್ ಕಡೆ ಹುಡುಗಿ ಅಂತ ಉಪಕಾರ ಮಾಡಕ್ಕೆ ಹೋದ್ರಾ?"

"ಇಲ್ರಿ ಸರ. ನಮ್ ಕಡಿ ಅಪ್ಪನ ಹೆಸರು ಹಿಂದ ಇರತೈತ್ರಿ. ಅದನ್ನ ಇನಿಷಿಯಲ್ ಮಾಡಿ ಮುಂದ ಕುಂದ್ರಸೋ ಶ್ಯಾಣ್ಯಾತನ ಈ ಕಡಿಯವ್ರದು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ವಿಭಾಗದ ಪ್ರತಿಯೊಬ್ಬರಿಂದಲೂ ಲಿಖಿತ ಹೇಳಿಕೆ ಕೇಳಿದರು. ಅಮರೇಶ ಮಾತ್ರ ತನ್ನದನ್ನು ಒಪ್ಪಿಸುವ ಮುಂಚೆ ಸಂಜೆ ನನ್ನ ಮೇಜಿಗೆ ತಂದ. "ಸರ, ಕಾಗುಣಿತ ಒಂದೀಟು ನೋಡ್ರಿ. ನಿಮ್ಮನ್ನ ಬಿಟ್ರ ಯಾರ್ ನೋಡ್ತಾರ?"

ನೋಡಿಕೊಟ್ಟೆ. ಎರಡು ಒತ್ತಕ್ಷರ ತಪ್ಪಿದ್ದವು.

ಮಂಡಿಗೆ ಶಾಖ ಕೊಡುವುದನ್ನು ನಿಲ್ಲಿಸಬೇಡಿ. ಎಂದಿನಂತೆ ಆಶೀರ್ವಾದ ಕೇಳುತ್ತಿಲ್ಲ. ಕೊಡುವುದಿದ್ದರೆ ಅಮರೇಶನಿಗೆ ಕೊಡಿ.

ನಿಮ್ಮ
ಯೋಗಾನಂದ

ತಾ.ಕ.: ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಅಮರೇಶ ಮಗಳಿಗೆ ಲಸಿಕೆ ಹಾಕಿಸಲು ಹೋಗಿದ್ದ. ಕಂಪ್ಯೂಟರು ತೆರೆದೇ ಇತ್ತು. ಅವನ ಕುರ್ಚಿಯಲ್ಲಿ ಕೂತು ಹೆಸರುಗಳ ಪಟ್ಟಿ ನೋಡುತ್ತಿದ್ದೆ. ಹೆಣ್ಣುಮಗಳ ಹೆಸರಿನ ಕೊನೆಗೆ ದೇವೇಂದ್ರಪ್ಪ ಹೇಗೆ ಬಂತು, ಯಾರೋ ತಪ್ಪು ಮಾಡಿದ್ದಾರೆ, ಪಾಪ ಅನಿಸಿತು. ಸರಿ ಮಾಡೆಂದು ಯಾರೂ ಕೇಳಿರಲಿಲ್ಲ. ನನ್ನ ಹೇಳಿಕೆಯಲ್ಲಿ ಒಂದೇ ವಾಕ್ಯ ಬರೆದಿದ್ದೇನೆ: "ಅದು ನನ್ನ ಕೆಲಸವಲ್ಲ." ಓದುವವರು ಹೇಗೆ ಬೇಕಾದರೂ ಓದಿಕೊಳ್ಳಲಿ ಎಂದು. ವಿಚಾರಣೆ ನಾಳೆ ಹನ್ನೊಂದಕ್ಕೆ. ಈ ಪತ್ರ ನಿಮ್ಮ ಕೈಸೇರುವುದು ಬುಧವಾರ.