ಕೈಗುಣ ಮತ್ತು ಟಚ್‌ಪ್ಯಾಡ್

ಅಟ್ಟೂರು
೧೨-೬-೨೦೧೪

ಅತ್ತೆಯವರಿಗೆ ಪದ್ಮಶ್ರೀ ಮಾಡುವ ನಮಸ್ಕಾರಗಳು.

ಲ್ಯಾಪ್‌ಟಾಪ್ ಸರಿಹೋಯಿತು, ಇನ್ನು ಮಾರುವ ಮಾತಿಲ್ಲ. ನಾನು ಟೈಪ್ ಮಾಡಲು ಕೂತರೆ ಮಾತ್ರ ಪುಟ ತಾನಾಗಿ ಮೇಲೆ ಕೆಳಗೆ ಓಡುತ್ತಿತ್ತಲ್ಲ. ರಿಪೇರಿಯ ನೂರುಲ್ಲಾ ಮುಟ್ಟಿದರೂ, ನಿಮ್ಮ ಮಗ ಮುಟ್ಟಿದರೂ ತೆಪ್ಪಗಿರುತ್ತಿತ್ತು. "ನಿನ್ ಕೈಗುಣಾನೇ ಸರಿಯಿಲ್ಲ ಕಣೇ, ಈ ಕೆಲ್ಸ ಬಿಟ್ಬಿಡು" ಅಂದಿರಿ. ನಾನೂ ಅರ್ಧ ನಂಬಿದ್ದೆ.

ನಿನ್ನೆ ಚಪಾತಿ ಹಿಟ್ಟು ಕಲಸಲು ಬಳೆ ತೆಗೆದಿಟ್ಟಿದ್ದೆ. ಅಷ್ಟರಲ್ಲಿ ಆಫೀಸಿನಿಂದ ಅವಸರದ ಕೆಲಸ ಬಂತು, ಕೈ ತೊಳೆದು ಹಾಗೆಯೇ ಕೂತೆ. ಪುಟ ಅಲುಗಲಿಲ್ಲ. ಬಳೆ ಹಾಕಿಕೊಂಡೆ, ಮತ್ತೆ ಓಡಿತು. ಕೀಲಿಗಳ ಕೆಳಗಿರುವ ಟಚ್‌ಪ್ಯಾಡಿನ ಮೇಲೆ ಎರಡು ಬೆರಳು ಎಳೆದರೆ ಪುಟ ಓಡುತ್ತದೆ. ಟೈಪ್ ಮಾಡುವಾಗ ನೀವು ನನಗೆ ಹಾಕಿದ ಜೋಡಿ ಚಿನ್ನದ ಬಳೆ ಅದಕ್ಕೆ ಎರಡು ಬೆರಳಿನಂತೆ ತಾಗುತ್ತಿತ್ತು, ಅಷ್ಟೇ.

ಅದು ನಿಮ್ಮತ್ತೆ ನಿಮಗೆ ಹಾಕಿದ್ದು, ಕೈಯಿಂದ ತೆಗೆಯಬಾರದು ಎಂದಿದ್ದಿರಿ. ಮರೆತಿಲ್ಲ. ನಿಮ್ಮ ಬೀರುವಿನಲ್ಲಿ ರೇಷ್ಮೆ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಹಬ್ಬಕ್ಕೆ ಖಂಡಿತ ಹಾಕಿಕೊಳ್ಳುತ್ತೇನೆ, ಕೆಲಸಕ್ಕೆ ಕೂರುವಾಗ ಇಲ್ಲ.

ಚಿಕ್ಕಜಾಲದಿಂದ ಬರುವಾಗ ನಾದಿನಿಯ ಹತ್ತಿರವಿರುವ ನಮ್ಮ ದೊಡ್ಡ ಕುಕ್ಕರ್ ತನ್ನಿ. ಬಂದವರು ಒಂದು ಗಳಿಗೆ ಪಕ್ಕದಲ್ಲಿ ಕೂತು, ನಾನು ಟೈಪ್ ಮಾಡುವುದನ್ನು ನೋಡಿ. ಆಮೇಲೆ ನನ್ನ ಕೈಗುಣದ ಮಾತಾಡೋಣ.

ನಿಮ್ಮ ಸೊಸೆ
ಪದ್ಮಶ್ರೀ