ಏಳು ನಗ್ಗಿನ ತಟ್ಟೆ

ಅಪ್ಪಾ,

ಸೊರಬದಿಂದ ನಿನ್ನ ದೊಡ್ಡ ಮಗ ಮಾಳೇಶ ಬರೆಯೋದು. ಮಾತಲ್ಲೇ ಅರ್ಧ ತಾಲ್ಲೂಕಿಗೆ ಪಂಪ್‌ಸೆಟ್ ಮಾರಿದವನು ನಾನು. ಆದರೆ ಫೋನಲ್ಲಿ ನಿನ್ನ ಕೆಮ್ಮು ಕೇಳಿದರೆ ಇವತ್ತಿಗೂ 'ಹೂಂ, ಹೂಂ' ಅಂದು ಇಟ್ಟುಬಿಡ್ತೀನಿ. ಅದಕ್ಕೇ ಈ ಕಾಗದ.

ಮಂಡಿ ಆಪರೇಷನ್ ಆದಮೇಲೆ ನೀನು ಎರಡು ತಿಂಗಳು ಇಲ್ಲಿ ನನ್ನ ಮನೇಲಿರಬೇಕು ಅಂತ ಈಸೂರಿಂದ ತಮ್ಮ ಯತೀಶ ಹೇಳಿದ. ಬಾ. ಬರೋಕ್ಕೆ ಮುಂಚೆ ಇದನ್ನ ಓದಿಕೊ.

ಅವ್ವ ತೀರಿಕೊಂಡಾಗ ಉಳಿದವರು ಸೀರೆ, ಓಲೆ ಹಂಚಿಕೊಂಡರು. ನಾನು ಅವಳ ಸ್ಟೀಲ್ ತಟ್ಟೆ ತಂದೆ. ಅದರಲ್ಲಿ ಏಳು ನಗ್ಗು. ಉಣ್ಣುತ್ತಿದ್ದವಳ ಮುಂದಿಂದ ನೀನು ಕಿತ್ತು ಎಸೆದಾಗ ಬಿದ್ದವು. ಉಪ್ಪು ಕಮ್ಮಿ ಅಂತ ಮೂರು, ಕುರಿ ಕಳೆದ ಸಿಟ್ಟಿಗೆ ಎರಡು, ನಾನು ಎಸ್ಸೆಲ್ಸಿ ಫೇಲಾದ ದಿನ ಒಂದು. ಏಳನೆಯದಕ್ಕೆ ಕಾರಣ ನಿನಗೂ ಗೊತ್ತಿರಲಿಕ್ಕಿಲ್ಲ. ನಿನ್ನಪ್ಪ ನಿನ್ನ ತಟ್ಟೆ ಕಾಲಲ್ಲಿ ಒದೀತಿದ್ದನಂತೆ, ಅವ್ವ ಹೇಳಿದ್ದಳು. ಪಾಪ. ಅದನ್ನೂ ಲೆಕ್ಕದಲ್ಲಿ ಬರ್ಕೊಂಡಿದೀನಿ, ಆದರೆ ನಿನ್ನ ಏಳರಲ್ಲಿ ವಜಾ ಮಾಡಲ್ಲ.

ನಮ್ಮದನ್ನೂ ಎಲ್ಲಿ ಕಿತ್ತುಕೊಳ್ತೀಯೋ ಅಂತ ನಾವು ಮಕ್ಕಳು ಎಡಗೈಲಿ ತಟ್ಟೆಯ ಅಂಚು ಹಿಡ್ಕೊಂಡೇ ಉಣ್ಣೋದು ಕಲಿತೆವು. ನಾನಂತೂ ಒಂದು ತಟ್ಟೇನೂ ಎಸೆದವನಲ್ಲ ಅಂತ ಮೀಸೆ ತಿರುವ್ತಿದ್ದೆ. ನೋಡಿದರೆ, ಪಿಯುಸಿ ಓದೋ ನನ್ನ ಮಗಳು ಪವಿತ್ರಾನೂ ಹಾಗೇ ಹಿಡ್ಕೊಂಡು ಉಣ್ತಾಳೆ! ಎಸೆಯದಿದ್ದರೇನು, ಕೂಗೋದರಲ್ಲಿ ನಾನು ನಿನ್ನ ಮಗನೇ.

ಹೋದ ಭಾನುವಾರ ಮಧ್ಯಾಹ್ನ ಸಾರು ಆರಿದೆ ಅಂತ ಹೆಂಡತಿ ಸಂಗೀತನ ಮೇಲೆ ಕೂಗಾಡಿದೆ. ಪವಿತ್ರ ತಟ್ಟೆ ಎತ್ತಿಕೊಂಡು ಎದ್ದಳು. "ಅವ್ವಾ, ನಿಂದೂ ತಗೊ. ಅಪ್ಪನ ಕೂಗಾಟ ಮುಗಿಯೋವರೆಗೆ ಜಗಲೀಲಿ ಉಣ್ಣಾಣ." ಅಳಲಿಲ್ಲ, ಬಾಗಿಲು ಬಡೀಲಿಲ್ಲ. ಅವ್ವ, ಯತೀಶ, ನಾನು, ಅಷ್ಟು ವರ್ಷ ಅಲ್ಲೇ ಕೂತಿದ್ದೆವಲ್ಲ. ಎದ್ದು ಹೋಗಬಹುದು ಅನ್ನೋದು ಒಬ್ಬರಿಗಾದರೂ ಹೊಳೀಬಾರದಿತ್ತಾ?

ನೀನು ಬರೋ ಸುದ್ದಿ ಹೇಳಿದಾಗ ಅವಳು ಕೇಳಿದ್ದು ಒಂದೇ: "ಬರ್ಲಿ. ಅಜ್ಜ ಕೂಗಿದ್ರೆ ನೀನು ಯಾವ ಕಡೆ ಕೂರ್ತೀಯಪ್ಪ?"

ಅವಳಿಗೆ ಕೊಡೋ ಉತ್ತರ ಇದು. ಈಗ ನಿನಗೇ ಬರೀತಿದೀನಿ. ಬಿಸಿ ಅನ್ನ, ಬಿಸಿ ಸಾರು ಸಿಗುತ್ತೆ, ಬಡಿಸೋದು ಅವ್ವನ ತಟ್ಟೆಯಲ್ಲೇ. ಕಲಸುವಾಗ ಏಳು ನಗ್ಗೂ ಬೆರಳಿಗೆ ಸಿಗ್ತವೆ. ನೀನು ಕೂಗಿದರೂ, ಎಂಟನೆಯದು ಬಿದ್ದರೂ ನಾವು ಮೂವರೂ ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗ್ತೀವಿ. ಮಂಡಿ ನೋವಿನವನು ನೀನು, ಹಿಂದೆ ಬರೋಕ್ಕಾಗಲ್ಲ.

ಮಂಡಿ ಗಟ್ಟಿಯಾಗಲಿ, ಕೈ ಸುಮ್ಮನಿರಲಿ.

ನಿನ್ನ ಮಗ, ಪವಿತ್ರಳ ಅಪ್ಪ,
ಮಾಳೇಶ